ಮರದ ಹೊಟ್ಟಿನ ರಸಾಯನ: ತುಂಗಭದ್ರೆಯ ದಡದಿಂದ ಕೆಲವು ಪಾಠಗಳು

ನಮ್ಮ ಗೋವಿನಕೋವಿಯ ಬದಿಗೆ ಹರಿಯುವ ತುಂಗಭದ್ರೆಗೆ ಮರದ ರಸಾಯನ ಹಳೆಯ ಪರಿಚಯ. ಭದ್ರೆ ಕೂಡ್ಲಿಗೆ ಬಂದು ತುಂಗೆಯನ್ನು ಸೇರುವ ಮೊದಲೇ ಭದ್ರಾವತಿಯನ್ನು ಹಾದು ಬಂದಿರುತ್ತಾಳೆ. ಅಲ್ಲಿ ಸೌದೆಯನ್ನು ಇದ್ದಿಲು ಮಾಡಿ ಕಬ್ಬಿಣ ಕರಗಿಸಿದರು, ಮುಂದೆ ಕಾಗದವನ್ನೂ ಮಾಡಿದರು. ಕೆಳಗೆ ಹೊನ್ನಾಳಿ ದಾಟಿ ಹರಿಹರ ತಲುಪಿದರೆ ಆಚೆ ದಡದ ಕುಮಾರಪಟ್ಟಣದಲ್ಲಿ 1970ರ ದಶಕದಿಂದ ಮರವನ್ನು ಬೇಯಿಸಿ ರೇಯಾನಿಗೆ ಬೇಕಾದ ತಿರುಳು ತೆಗೆಯುತ್ತಿದ್ದಾರೆ. ಈ ಎರಡು ಊರುಗಳ ನಡುವಿನ ನಮ್ಮ ಹಳ್ಳಿಗಳಲ್ಲಿ ಸಾಮಿಲ್ ಹೊಟ್ಟು, ಅಡಿಕೆ ಸಿಪ್ಪೆ, ಮೆಕ್ಕೆಜೋಳದ ದಿಂಡು ರಾಶಿ ಬೀಳುತ್ತವೆ. ಇವುಗಳಿಂದ ಕೈಗಾರಿಕೆಗೆ ಬೇಕಾದ ರಾಸಾಯನಿಕ ತೆಗೆಯಬೇಕು, ಅದೂ ಹೊಳೆಗೆ ವಿಷ ಬಿಡದ ದ್ರಾವಕ ಮತ್ತು ಮತ್ತೆ ಮತ್ತೆ ಬಳಸಬಹುದಾದ ವೇಗವರ್ಧಕಗಳಿಂದ. ನನ್ನ ವೃತ್ತಿಯ ಬಹುಪಾಲು ಕಳೆದದ್ದು ಈ ಕೆಲಸದಲ್ಲೇ. ಊರಿನ ಹುಡುಗರು, ರೈತ ಉತ್ಪಾದಕ ಸಂಸ್ಥೆಗಳ (ಎಫ್‌ಪಿಒ) ನಿರ್ದೇಶಕರು, ಆಗಾಗ ಸಾಮಿಲ್ ಮಾಲೀಕರು ಬಂದು ಕೇಳುವ ಪ್ರಶ್ನೆಗಳಿಗೆ ನಾನು ಕೊಡುವ ಉತ್ತರಗಳನ್ನೇ ಇಲ್ಲಿ ಬರೆದಿದ್ದೇನೆ.

1. ಹೊಟ್ಟಿಗೆ ಆಗಲೇ ಗಿರಾಕಿ ಇದ್ದಾನೆ

ಸಾಮಿಲ್ ಹಿಂದೆ ಬಿದ್ದ ರಾಶಿ ನೋಡಿದವರಿಗೆ ಅದು ಪುಕ್ಕಟೆ ಮಾಲು ಅನ್ನಿಸುತ್ತದೆ. ಮಾಲೀಕನನ್ನು ಕೇಳಿ ನೋಡಿ. ಇಟ್ಟಿಗೆ ಗೂಡಿನವರು ಒಯ್ಯುತ್ತಾರೆ, ಕೋಳಿ ಫಾರಂನವರು ನೆಲಕ್ಕೆ ಹಾಸಲು ಒಯ್ಯುತ್ತಾರೆ, ಹೊಟ್ಟಿನ ಒಲೆ ಇಟ್ಟುಕೊಂಡ ಹೋಟೆಲಿನವರೂ ಬರುತ್ತಾರೆ. ಜಗಳೂರು ಕಡೆಯ ಬಳ್ಳಾರಿ ಜಾಲಿ ಇದ್ದಿಲಾಗಿ ಮಾರಾಟವಾಗುತ್ತದೆ. ‘ಕಚ್ಚಾವಸ್ತುವಿನ ವೆಚ್ಚ: ಸೊನ್ನೆ’ ಎಂದು ಬರೆದ ಯೋಜನಾ ವರದಿ ಕೈಗೆ ಬಂದರೆ ನಾನು ಆ ಸಾಲನ್ನು ತಿದ್ದಿಸಿಯೇ ಮುಂದೆ ಓದುವುದು. ನಾವು ಕೊಳ್ಳಲು ಶುರು ಮಾಡಿದ ದಿನವೇ ಅದರ ಬೆಲೆ ಏರುತ್ತದೆ, ಇಟ್ಟಿಗೆ ಗೂಡಿನವನು ಸೌದೆಗಾಗಿ ಬೇರೆ ಮರದ ಕಡೆ ನೋಡುತ್ತಾನೆ. ಈ ಎರಡನೆಯದನ್ನು ಯಾವ ವರದಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಸಿ ಮರ ಕೊಯ್ದ ಹೊಟ್ಟಿನಲ್ಲಿ ಹತ್ತಿರ ಹತ್ತಿರ ಅರ್ಧ ತೂಕ ನೀರು. ಮಾಲು ಹಗುರ, ಲಾರಿ ತುಂಬುತ್ತದೆ, ತೂಕ ತುಂಬುವುದಿಲ್ಲ. ಮಳೆಗಾಲದಲ್ಲಿ ಒಂದು ವಾರ ರಾಶಿ ಬಿಟ್ಟರೆ ಒಳಗೆ ಬಿಸಿ ಹುಟ್ಟಿ ಬೂಸಲು ಹಿಡಿಯುತ್ತದೆ. ಹಾಗಾಗಿ ದೂರದಿಂದ ಹೊಟ್ಟು ತರುವ ಮಾತೇ ಬೇಡ.

ಇನ್ನೊಂದು ವಿಷಯ ಗರಗಸದ ಮುಂದೆ ನಿಂತಿರುವವನಿಗೆ ಮಾತ್ರ ಗೊತ್ತಿರುತ್ತದೆ: ಇವತ್ತು ಯಾವ ಮರ ಕೊಯ್ದರು? ತೇಗದ ಹೊಟ್ಟಿನಲ್ಲಿ ಕ್ವಿನೋನ್‌ಗಳಿರುತ್ತವೆ, ಅಕೇಶಿಯಾದಲ್ಲಿ ಟ್ಯಾನಿನ್. ಹಳೆಯ ಮನೆಯ ತೊಲೆ ಕೊಯ್ದಿದ್ದರೆ ಮೊಳೆಯ ಕಬ್ಬಿಣ ಬರುತ್ತದೆ, ಪ್ಲೈವುಡ್ ಕೊಯ್ದಿದ್ದರೆ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು ಬರುತ್ತದೆ. ಎಲ್ಲವೂ ಒಂದೇ ಚೀಲಕ್ಕೆ ಬಿದ್ದ ಮೇಲೆ ಯಾವ ಪ್ರಯೋಗಾಲಯವೂ ಬೇರ್ಪಡಿಸಲಾರದು. ಸಾಮಿಲ್‌ನಲ್ಲೇ ಮರಕ್ಕೊಂದು ಚೀಲ ಇಡಿಸುವುದಕ್ಕೆ ಖರ್ಚಿಲ್ಲ, ಆ ಕೆಲಸಗಾರನ ಜೊತೆ ಕೂತು ಚಹಾ ಕುಡಿಯುವಷ್ಟು ಪುರುಸೊತ್ತು ಬೇಕು, ಅಷ್ಟೆ.

2. ಯಾವುದನ್ನು ಮೊದಲು ಬಿಡಿಸುತ್ತೀರಿ ಎಂಬುದರಲ್ಲಿ ಎಲ್ಲವೂ ಇದೆ

ಒಣ ಮರದಲ್ಲಿ ಸೆಲ್ಯುಲೋಸ್ ಶೇ 40ರಿಂದ 50, ಹೆಮಿಸೆಲ್ಯುಲೋಸ್ ಶೇ 20ರಿಂದ 30, ಲಿಗ್ನಿನ್ ಸುಮಾರಾಗಿ ಅಷ್ಟೇ. ಕಾಗದದ ಕಾರ್ಖಾನೆಗೆ ಬೇಕಾದದ್ದು ಮೊದಲನೆಯದು. ಕ್ರಾಫ್ಟ್ ವಿಧಾನದಲ್ಲಿ ಕಾಸ್ಟಿಕ್ ಸೋಡ ಮತ್ತು ಸೋಡಿಯಂ ಸಲ್ಫೈಡ್‌ನಲ್ಲಿ ಚಕ್ಕೆಗಳನ್ನು ಬೇಯಿಸಿ, ಕರಗಿ ಬಂದ ಲಿಗ್ನಿನ್ನಿನ ಕಪ್ಪು ದ್ರವವನ್ನು ಕುಲುಮೆಯಲ್ಲಿ ಸುಟ್ಟು, ಉಗಿಯನ್ನೂ ಸೋಡವನ್ನೂ ವಾಪಸ್ ಪಡೆಯುತ್ತಾರೆ. ಸೋಡ ಮರಳಿ ಪಡೆಯುವ ಆ ಏರ್ಪಾಡು ನಿಜಕ್ಕೂ ಜಾಣತನದ್ದು, ನಾನು ಅದನ್ನು ಗೌರವದಿಂದ ನೋಡುತ್ತೇನೆ. ಆದರೆ ನಿಸರ್ಗ ಕಟ್ಟಿದ ಬೆಂಜೀನ್ ಉಂಗುರಗಳ ಅತಿ ದೊಡ್ಡ ಭಂಡಾರ ಲಿಗ್ನಿನ್. ಅದನ್ನು ಒಲೆಗೆ ಹಾಕಿ ಅದೇ ಉಂಗುರಗಳಿಗಾಗಿ ಪೆಟ್ರೋಲಿಯಂ ತರಿಸುವುದು ನನ್ನ ಮನಸ್ಸಿಗೆ ಇವತ್ತಿಗೂ ಒಗ್ಗಿಲ್ಲ.

ಲಿಗ್ನಿನ್ ಹಟಮಾರಿ ಎಂದು ಹೇಳುವವರು ಸಾಮಾನ್ಯವಾಗಿ ಅದನ್ನು ಕೊನೆಗೆ ಮುಟ್ಟಿದವರು. ಮರದೊಳಗೆ ಇರುವಾಗ ಅದರ ತುಂಡುಗಳನ್ನು ಬೆಸೆದಿರುವುದು ಹೆಚ್ಚಾಗಿ ಆಮ್ಲಜನಕದ ಸೇತುವೆಗಳು. ಅವು ಮುರಿಯಲು ಸುಲಭ. ಆಮ್ಲ ಹಾಕಿ ಬಿಸಿ ಮಾಡಿದ ಕೂಡಲೇ ಆ ಸೇತುವೆಗಳು ಮುರಿಯುತ್ತವೆ, ಮುರಿದ ತುದಿಗಳು ಒಂದಕ್ಕೊಂದು ಇಂಗಾಲದಿಂದ ಇಂಗಾಲಕ್ಕೆ ಅಂಟುತ್ತವೆ, ಆಮೇಲೆ ಅದು ಯಾರ ಮಾತೂ ಕೇಳುವುದಿಲ್ಲ. ಆದ್ದರಿಂದ ಹೊಟ್ಟು ಇನ್ನೂ ಹೊಟ್ಟಾಗಿರುವಾಗಲೇ ದ್ರಾವಕ, ವೇಗವರ್ಧಕ, ಹೈಡ್ರೋಜನ್ ಮೂರನ್ನೂ ಒಟ್ಟಿಗೆ ಇಟ್ಟು ಮುರಿದ ತುದಿಯನ್ನು ಅಲ್ಲಲ್ಲೇ ಶಾಂತಗೊಳಿಸುವ ದಾರಿಯೊಂದು ಬಂದಿದೆ. ಲಿಗ್ನಿನ್‌ಗೇ ಮೊದಲ ಮಣೆ. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಬರ್ಚ್ ಮರದ ತೂಕದ ಶೇ 78ರಷ್ಟನ್ನು ಫೀನಾಲ್, ಪ್ರೊಪಿಲೀನ್, ಶಾಯಿಗೆ ಬೇಕಾದ ಫೀನಾಲಿಕ್ ತುಣುಕುಗಳು, ಎಥನಾಲಿಗೆ ಯೋಗ್ಯವಾದ ತಿರುಳು ಇವುಗಳಾಗಿ ಮಾರ್ಪಡಿಸಬಹುದು ಎಂದು ತೋರಿಸಿತು. ಅದು ರುಥೇನಿಯಂ ವೇಗವರ್ಧಕ, ಒತ್ತಡದ ಪಾತ್ರೆ, ಮೆಥನಾಲ್ ಎಲ್ಲ ಬೇಕಾದ ಕೆಲಸ. ನಮ್ಮ ಹೋಬಳಿಗೆ ನಾಳೆಯೇ ಬರುವಂಥದ್ದಲ್ಲ. ಆದರೂ ಕ್ರಮದ ಪಾಠ ಎಲ್ಲ ಪ್ರಮಾಣದಲ್ಲೂ ಒಂದೇ.

3. ನೀರಿನಿಂದ ಶುರು ಮಾಡಿ

ಅಡಿಕೆ ಸುಗ್ಗಿಯಲ್ಲಿ ಚನ್ನಗಿರಿಯಿಂದ ನ್ಯಾಮತಿಯವರೆಗೆ ಖೇಣಿದಾರರ ಮನೆಯಂಗಳದಲ್ಲಿ ನಡೆಯುವುದೇ ಹಸಿರು ರಸಾಯನ. ಸುಲಿದ ಹಸಿ ಅಡಿಕೆ ಹಂಡೆಯಲ್ಲಿ ಕುದಿಯುತ್ತದೆ, ಅದೇ ನೀರಿಗೆ ಮತ್ತೊಂದು ಪಾಳಿ, ಇನ್ನೊಂದು ಪಾಳಿ ಬೀಳುತ್ತದೆ. ನೀರು ಕೆಂಪಾಗಿ, ಕಂದಾಗಿ, ಕೊನೆಗೆ ಬೆರಳಿಗೆ ಅಂಟುವ ಚೊಗರಾಗುತ್ತದೆ. ಕ್ಯಾಟೆಚಿನ್ ಜಾತಿಯ ಟ್ಯಾನಿನ್ ತುಂಬಿದ ಸಾರ ಅದು. ದ್ರಾವಕ ನೀರು, ಇಂಧನ ಸೌದೆ, ವೇಗವರ್ಧಕ ಬೇಕಿಲ್ಲ, ದ್ರಾವಕವನ್ನೇ ಪಾಳಿಯಿಂದ ಪಾಳಿಗೆ ಬಳಸಿದ್ದರಿಂದ ಸಾರ ತಾನೇ ಗಟ್ಟಿಯಾಗುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡು ಬಳಿಯ ಚರಕ ಸಂಸ್ಥೆ ಇಂಥ ಚೊಗರನ್ನು ಕೈಮಗ್ಗದ ಬಟ್ಟೆಗೆ ಬಣ್ಣವಾಗಿ ಬಳಸಿ ತೋರಿಸಿದೆ.

ದ್ರಾವಕವನ್ನು ಬದಲಿಸದೆ ಗಟ್ಟಿಗೊಳಿಸುತ್ತಾ ಹೋಗುವ ಈ ಉಪಾಯವನ್ನು ನಾನು ದೊಡ್ಡ ಪುಸ್ತಕಗಳಲ್ಲಿ ಓದುವ ಮೊದಲು ಹಂಡೆಯ ಪಕ್ಕದಲ್ಲೇ ನೋಡಿದ್ದೆ. ಮರದ ಹೊಟ್ಟಿಗೂ ಇದೇ ನಡೆಯುತ್ತದೆ. ಮುಚ್ಚಿದ ಪಾತ್ರೆಯಲ್ಲಿ 170-180 ಡಿಗ್ರಿಗೆ ಬಿಸಿಯಾದ ನೀರು ಹೆಮಿಸೆಲ್ಯುಲೋಸ್ ಅನ್ನು ಬಿಡಿಸುತ್ತದೆ. ಹೊರಗಿನಿಂದ ಆಮ್ಲ ಹಾಕಬೇಕಿಲ್ಲ. ಮರದಲ್ಲಿ ಮೊದಲೇ ಇರುವ ಅಸಿಟೈಲ್ ಗುಂಪುಗಳು ಕಳಚಿ ಅಸಿಟಿಕ್ ಆಮ್ಲವಾಗಿ ತಾವೇ ವೇಗವರ್ಧಕದ ಕೆಲಸ ಮಾಡುತ್ತವೆ. ಅಡಿಕೆ ಸಿಪ್ಪೆಯಲ್ಲಿ, ಮೆಕ್ಕೆಜೋಳದ ದಿಂಡಿನಲ್ಲಿ ಹೆಮಿಸೆಲ್ಯುಲೋಸ್ ಹೆಚ್ಚು. ನಮ್ಮ ಕಡೆಯ ಮಾಲಿಗೆ ಹೇಳಿ ಮಾಡಿಸಿದ ದಾರಿ.

4. ದ್ರಾವಕ ಎಷ್ಟು ವಾಪಸ್ ಬಂತು, ಅದನ್ನು ಹೇಳಿ

ಯಾವ ಸಭೆಯಲ್ಲಾದರೂ ಯಾರಾದರೂ ತಮ್ಮ ದ್ರಾವಕ ಹಸಿರು ಎಂದರೆ ನಾನು ಕೇಳುವ ಪ್ರಶ್ನೆ ಇದೊಂದೇ. ನಾನು ಬಹಳ ಕಾಲ ಕೈಯಾಡಿಸಿದ, ನನಗೆ ಇಷ್ಟವೂ ಆದ ಒಂದು ದ್ರಾವಕದ ಉದಾಹರಣೆಯನ್ನೇ ಕೊಡುತ್ತೇನೆ.

ಕೋಲಿನ್ ಕ್ಲೋರೈಡ್ ಎಂಬುದು ಕೋಳಿ ಮೇವಿಗೆ ಬೆರೆಸುವ ಬಿಳಿ ಹರಳು, ಗಾಳಿಯ ತೇವ ಹೀರಿ ಡಬ್ಬಿಯಲ್ಲೇ ಗಂಟು ಕಟ್ಟುತ್ತದೆ. ಅದನ್ನು ಯೂರಿಯಾದೊಂದಿಗೆ ಸರಿಯಾದ ಪ್ರಮಾಣದಲ್ಲಿ ಬೆರೆಸಿದರೆ ಎರಡು ಘನವಸ್ತುಗಳು ಸೇರಿ ದ್ರವವಾಗುತ್ತವೆ. ಒಂದರ ಕರಗುವ ಬಿಂದು 302 ಡಿಗ್ರಿ, ಇನ್ನೊಂದರದು 133, ಮಿಶ್ರಣದ್ದು ಬರೀ 12. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಆಂಡ್ರ್ಯೂ ಅಬಟ್ ಅವರ ತಂಡ 2003ರಲ್ಲಿ ಇದನ್ನು ಪ್ರಕಟಿಸಿದ ಮೇಲೆ ಈ ಜಾತಿಯ ದ್ರಾವಕಗಳ ದೊಡ್ಡ ಕುಟುಂಬವೇ ಬೆಳೆಯಿತು. ಮರಕ್ಕೆ ಯೂರಿಯಾಗಿಂತ ಲ್ಯಾಕ್ಟಿಕ್ ಆಮ್ಲದ ಜೋಡಿ ಚೆನ್ನ. ಎರಡನ್ನೂ ಬೆಚ್ಚಗೆ ಕಲಕುತ್ತಿದ್ದರೆ ಹರಳುಗಳು ಮಾಯವಾಗಿ ತಿಳಿ ಪಾಕ ಉಳಿಯುತ್ತದೆ. ಒಣಗಿಸಿದ ಹೊಟ್ಟು ಹಾಕಿ 120 ಡಿಗ್ರಿಯಲ್ಲಿ ಕೆಲವು ಗಂಟೆ ಬಿಟ್ಟರೆ ಪಾಕ ಮೊದಲು ಹೊಂಬಣ್ಣಕ್ಕೆ ತಿರುಗಿ ಆಮೇಲೆ ಡಿಕಾಕ್ಷನ್ನಿನಷ್ಟು ಕಪ್ಪಾಗುತ್ತದೆ. ಸೋಸಿದಾಗ ಬಟ್ಟೆಯ ಮೇಲೆ ಉಳಿಯುವುದು ಸೆಲ್ಯುಲೋಸ್. ಸೋಸಿದ ಕಪ್ಪು ದ್ರವಕ್ಕೆ ನೀರು ಸುರಿಯುತ್ತಿದ್ದಂತೆ ಲಿಗ್ನಿನ್ ನಶ್ಯದ ಬಣ್ಣದ ನುಣುಪು ಪುಡಿಯಾಗಿ ತಳಕ್ಕಿಳಿಯುತ್ತದೆ. ಗಂಧಕ ಇಲ್ಲ, ಕ್ರಾಫ್ಟ್ ಕಾರ್ಖಾನೆಯ ಆ ಕೊಳೆತ ಎಲೆಕೋಸಿನ ನಾತವಿಲ್ಲ.

ನೋಡಲು ಸುಂದರವಾದ ಈ ಕೆಲಸದ ನಿಜವಾದ ಪರೀಕ್ಷೆ ನೀರು ಸುರಿದ ಮೇಲೆ ಶುರುವಾಗುತ್ತದೆ. ದ್ರಾವಕ ಆ ನೀರಿನೊಳಗಿದೆ. ಅದನ್ನು ವಾಪಸ್ ಪಡೆಯಬೇಕೆಂದರೆ ನೀರನ್ನೆಲ್ಲ ಆವಿ ಮಾಡಬೇಕು. ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 2.26 ಮೆಗಾಜೂಲ್ ಶಾಖ ಬೇಕು. ಒಂದು ಕಿಲೋ ಹೊಟ್ಟಿಗೆ ಹತ್ತು ಕಿಲೋ ನೀರು ಸುರಿದಿದ್ದರೆ 22.6 ಮೆಗಾಜೂಲ್. ಆ ಒಂದು ಕಿಲೋ ಒಣ ಹೊಟ್ಟನ್ನೇ ಒಲೆಗೆ ಹಾಕಿದ್ದರೂ ಸಿಗುತ್ತಿದ್ದದ್ದು 18ರ ಆಸುಪಾಸು. ತೊಳೆಯುವುದಕ್ಕೇ ಮರದೊಳಗಿನ ಶಕ್ತಿಗಿಂತ ಹೆಚ್ಚು ಶಕ್ತಿ ಸುಟ್ಟ ಮೇಲೆ ಅದನ್ನು ಹಸಿರು ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ಲೆಕ್ಕ. ಹೊಟ್ಟಿನ ಹತ್ತರಷ್ಟು ದ್ರಾವಕ ಬಳಸಿ ಪ್ರತಿ ಸಲ ಶೇ 95 ವಾಪಸ್ ಪಡೆದರೆ ಪ್ರಬಂಧದಲ್ಲಿ ಅದು ಒಳ್ಳೆಯ ಫಲಿತಾಂಶ. ಆದರೆ ಕಿಲೋ ಹೊಟ್ಟಿಗೆ 500 ಗ್ರಾಂ ದ್ರಾವಕ ಹೋಯಿತು, ಸಿಕ್ಕ ಲಿಗ್ನಿನ್ 200 ಗ್ರಾಂ ಇದ್ದರೆ ಹೆಚ್ಚು. ಶೇ 99ಕ್ಕೆ ಏರಿಸಿದರೂ 100 ಗ್ರಾಂ ನಷ್ಟ. ಹೋದದ್ದು ಎಲ್ಲಿಗೆ? ಒಂದಷ್ಟು ತಿರುಳಿನಲ್ಲಿ, ಒಂದಷ್ಟು ತೊಳೆದ ನೀರಿನಲ್ಲಿ. ಮತ್ತೂ ಒಂದಷ್ಟು ಬಿಸಿಯಲ್ಲಿ ಕೋಲಿನ್ನೂ ಲ್ಯಾಕ್ಟಿಕ್ ಆಮ್ಲವೂ ಪರಸ್ಪರ ಕೂಡಿ ಎಸ್ಟರ್ ಆಗಿ ದ್ರಾವಕದ ಸ್ವಭಾವವನ್ನೇ ಬದಲಿಸುತ್ತದೆ. ರಸಾಯನ ವಿಜ್ಞಾನಿ ರೋಜರ್ ಶೆಲ್ಡನ್ 1992ರಲ್ಲಿ ಹೇಳಿಕೊಟ್ಟ ಅಳತೆ ನನಗೆ ಇವತ್ತಿಗೂ ಸಾಕು: ಒಂದು ಕಿಲೋ ಉತ್ಪನ್ನಕ್ಕೆ ಎಷ್ಟು ಕಿಲೋ ಕಸ? ಪೆಟ್ರೋಲಿಯಂ ಸಂಸ್ಕರಣೆಯಲ್ಲಿ ಅದು 0.1ರ ಸುತ್ತ. ಹಸಿರು ಎಂಬ ಹಣೆಪಟ್ಟಿ ಹಚ್ಚಿಕೊಂಡ ಎಷ್ಟೋ ಪ್ರಯೋಗಗಳಲ್ಲಿ ಎರಡಂಕಿ ದಾಟುತ್ತದೆ.

ಈ ದ್ರಾವಕವನ್ನು ಕೈಬಿಡಿ ಎನ್ನುತ್ತಿಲ್ಲ. ಕಡಿಮೆ ನೀರು, ಎದುರುಬದುರು ಹರಿವಿನ ತೊಳೆತ, ಪೊರೆ ಸೋಸುವಿಕೆ, ಈ ಮೂರನ್ನು ಮೊದಲೇ ವಿನ್ಯಾಸ ಮಾಡಿದ ಮೇಲೆ ಹೊಟ್ಟು ಮುಟ್ಟಿ.

5. ಎಥನಾಲ್ ಒಳ್ಳೆಯದು, ಪರವಾನಗಿ ಮೊದಲು

ನೀರು ಬೆರೆಸಿದ ಎಥನಾಲ್ ಲಿಗ್ನಿನ್ನಿಗೆ ಅತ್ಯುತ್ತಮ ದ್ರಾವಕ. 78 ಡಿಗ್ರಿಗೆ ಕುದಿಯುತ್ತದೆ, ಆವಿಯಾಗಲು ನೀರಿನ ಅರ್ಧಕ್ಕಿಂತ ಕಡಿಮೆ ಶಾಖ ಸಾಕು, ಕಬ್ಬಿನಿಂದ ಸಿಗುತ್ತದೆ. ಆದರೆ ಡ್ರಮ್ಮುಗಟ್ಟಲೆ ಸ್ಪಿರಿಟ್ ಇಡಲು ಅಬಕಾರಿ ಇಲಾಖೆಯ ಅನುಮತಿ ಬೇಕು. ಕೈಗಾರಿಕಾ ಮದ್ಯಸಾರದ ಮೇಲಿನ ಅಧಿಕಾರ ರಾಜ್ಯಗಳದ್ದೇ ಎಂದು 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 8-1ರ ಬಹುಮತದಲ್ಲಿ ಹೇಳಿದೆ. ಒಪ್ಪದ ಒಬ್ಬರು ನಮ್ಮ ಬಿ.ವಿ. ನಾಗರತ್ನ ಅವರು. ಅರ್ಜಿ, ಬೀಗ, ದಾಸ್ತಾನು ಪುಸ್ತಕ, ಅಗ್ನಿಶಾಮಕದ ಒಪ್ಪಿಗೆ ಎಲ್ಲಕ್ಕೂ ಸಮಯ ಇಟ್ಟುಕೊಳ್ಳಿ. ಹಸಿರು ಎಂದ ಮಾತ್ರಕ್ಕೆ ಬೆಂಕಿ ಹಿಡಿಯುವುದಿಲ್ಲ ಎಂದಲ್ಲ.

6. ವೇಗವರ್ಧಕದ ಶತ್ರು ಬೂದಿ

ಶುದ್ಧ ಸಕ್ಕರೆಯ ಮೇಲೆ ತಿಂಗಳುಗಟ್ಟಲೆ ಓಡುವ ಘನ ಆಮ್ಲ ವೇಗವರ್ಧಕ ನಿಜವಾದ ಹೊಟ್ಟಿನ ಮೇಲೆ ಬೇಗನೆ ಮಲಗುತ್ತದೆ. ಕಾರಣ ಪೊಟ್ಯಾಸಿಯಂ, ಕ್ಯಾಲ್ಸಿಯಂ. ಅವು ಮರದ ಬೂದಿಯಲ್ಲಿರುವ ಅಂಶಗಳು, ವೇಗವರ್ಧಕದ ಮೇಲಿನ ಹೈಡ್ರೋಜನ್ ಅಯಾನುಗಳನ್ನು ಕಿತ್ತು ತಾವು ಕೂರುತ್ತವೆ. ಮರದ ಒಳತಿರುಳಿನಲ್ಲಿ ಬೂದಿ ಕಡಿಮೆ, ತೊಗಟೆಯಲ್ಲಿ ಹೆಚ್ಚು, ಅಡಿಕೆ ಸಿಪ್ಪೆಯಲ್ಲಿ ಇನ್ನೂ ಜಾಗ್ರತೆ ಬೇಕು. ಮೊದಲು ಬಿಸಿ ನೀರಲ್ಲಿ ತೊಳೆದರೆ ಅರ್ಧ ಸಮಸ್ಯೆ ಹೋಗುತ್ತದೆ, ಆ ನೀರು ತೋಟಕ್ಕೆ ಪೊಟ್ಯಾಷ್ ಆಗುತ್ತದೆ. ರುಥೇನಿಯಂ, ಪಲ್ಲೇಡಿಯಂ, ನಿಕ್ಕಲ್‌ಗಳಿಗೆ ಗಂಧಕವೇ ವಿಷ, ಹಾಗಾಗಿ ಕ್ರಾಫ್ಟ್ ಲಿಗ್ನಿನ್ ತಂದು ಅವುಗಳ ಮೇಲೆ ಸುರಿಯಬೇಡಿ.

ಸಕ್ಕರೆಗಳು ಆಮ್ಲದಲ್ಲಿ ಹೆಚ್ಚು ಹೊತ್ತು ಬೆಂದರೆ ಹ್ಯೂಮಿನ್ ಎಂಬ ಕರಿ ಜಿಡ್ಡು ಹುಟ್ಟಿ ವೇಗವರ್ಧಕದ ರಂಧ್ರಗಳನ್ನು ಮುಚ್ಚುತ್ತದೆ. ಮೆಕ್ಕೆಜೋಳದ ದಿಂಡಿನಿಂದ ಫರ್‌ಫ್ಯೂರಾಲ್ ಎಂಬ ರಾಸಾಯನಿಕ ತೆಗೆಯುವಾಗ ಇದು ದಿನನಿತ್ಯದ ತಲೆನೋವು. ಹುಟ್ಟಿದ ಫರ್‌ಫ್ಯೂರಾಲನ್ನು ಆ ಕ್ಷಣವೇ ಉಗಿಯ ಜೊತೆ ಹೊರಗೆಳೆಯಬೇಕು, ಇಲ್ಲವೇ ಮೇಲೆ ತೇಲುವ ಇನ್ನೊಂದು ದ್ರಾವಕಕ್ಕೆ ದಾಟಿಸಬೇಕು. ಫರ್‌ಫ್ಯೂರಾಲಿನಿಂದಲೇ ತಯಾರಾಗುವ 2-ಮೀಥೈಲ್ ಟೆಟ್ರಾಹೈಡ್ರೋಫ್ಯೂರಾನ್ ಆ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ.

ವೇಗವರ್ಧಕ ಮಾರುವವರು ಬಂದಾಗ ಒಂದು ಪರೀಕ್ಷೆ ಮಾಡಿಸಿ: ಕ್ರಿಯೆಯ ನಡುವೆ ಬಿಸಿಯಾಗಿರುವಾಗಲೇ ವೇಗವರ್ಧಕವನ್ನು ಸೋಸಿ ತೆಗೆದು ದ್ರವವನ್ನಷ್ಟೇ ಮುಂದುವರಿಸಿ. ಕ್ರಿಯೆ ನಿಲ್ಲದಿದ್ದರೆ ಆಮ್ಲವೋ ಲೋಹವೋ ಕರಗಿ ದ್ರವಕ್ಕೆ ಇಳಿದಿದೆ. ಮರುಬಳಕೆಯ ಮಾತು ಅಲ್ಲಿಗೆ ಮುಗಿಯಿತು.

7. ಭದ್ರಾವತಿಯ ಮೆಥನಾಲ್

1923ರ ಜನವರಿಯಲ್ಲಿ ಭದ್ರಾವತಿಯ ಊದುಕುಲುಮೆ ಶುರುವಾಯಿತು. ಅದಿರು ಕೆಮ್ಮಣ್ಣುಗುಂಡಿಯದು, ಇಂಧನ ಮಲೆನಾಡಿನ ಮರದ ಇದ್ದಿಲು. ಇದ್ದಿಲು ಮಾಡುವಾಗ ಏಳುವ ಹೊಗೆಯನ್ನು ಬಿಡದೆ ತಣಿಸಿ ಕ್ಯಾಲ್ಸಿಯಂ ಅಸಿಟೇಟ್, ಮರದ ಸ್ಪಿರಿಟ್ ಅಂದರೆ ಮೆಥನಾಲ್, ಡಾಂಬರು ತೆಗೆಯುವ ಭಟ್ಟಿಯೂ ಆ ಯೋಜನೆಯ ಭಾಗವೇ ಆಗಿತ್ತು. ಮರವನ್ನು ರಾಸಾಯನಿಕವಾಗಿಸುವ ಕೈಗಾರಿಕೆ ನಮ್ಮ ನೆರೆಯಲ್ಲೇ ನೂರು ವರ್ಷದ ಹಿಂದೆ ನಡೆದಿತ್ತು ಎಂದು ವಿದ್ಯಾರ್ಥಿಗಳಿಗೆ ಹೇಳಿದರೆ ಅವರು ಮೊದಲು ನಂಬುವುದಿಲ್ಲ.

ಅದೇ 1923ರಲ್ಲಿ ಜರ್ಮನಿಯ ಲೊಯ್ನಾದಲ್ಲಿ ಬಿಎಎಸ್‌ಎಫ್ ಕಂಪನಿ ಸತು-ಕ್ರೋಮಿಯಂ ಆಕ್ಸೈಡಿನ ವೇಗವರ್ಧಕ ಬಳಸಿ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ನಿನಿಂದ ಮೆಥನಾಲ್ ತಯಾರಿಸತೊಡಗಿತು. ಮರವನ್ನು ಭಟ್ಟಿಯಿಳಿಸಿದರೆ ಅದರ ತೂಕದ ಶೇ 1-2ರಷ್ಟು ಮೆಥನಾಲ್ ಬರುವುದೇ ಹೆಚ್ಚು. ಕಲ್ಲಿದ್ದಲ ಅನಿಲದಿಂದ ಟನ್‌ಗಟ್ಟಲೆ ಬಂದಾಗ ಜಗತ್ತಿನೆಲ್ಲೆಡೆ ಮರದ ಸ್ಪಿರಿಟ್ಟಿನ ಮಾರುಕಟ್ಟೆ ಕುಸಿಯಿತು. ಭದ್ರಾವತಿ ಉಳಿದದ್ದು ಅದರ ಮುಖ್ಯ ಸರಕು ಕಬ್ಬಿಣವಾಗಿದ್ದರಿಂದ.

ಆದ್ದರಿಂದ ಬೇರೆಯವರು ಕಲ್ಲಿದ್ದಲು, ಗ್ಯಾಸಿನಿಂದ ಎರಡು ಹೆಜ್ಜೆಯಲ್ಲಿ ಮಾಡಬಲ್ಲ ಸಣ್ಣ ಅಣುವಿನ ಹಿಂದೆ ಹೋಗಬೇಡಿ. ಮರವೇ ಕಟ್ಟಿಕೊಟ್ಟ ರಚನೆ ಉಳಿಯುವಂಥದ್ದನ್ನು ಆರಿಸಿ. ಫರ್‌ಫ್ಯೂರಾಲ್‌ಗೆ ಇವತ್ತಿಗೂ ಪೆಟ್ರೋಲಿಯಂ ಪೈಪೋಟಿ ಇಲ್ಲ. 1922ರ ಹೊತ್ತಿಗೆ ಅಮೆರಿಕದ ಕ್ವೇಕರ್ ಓಟ್ಸ್ ಕಂಪನಿ ಓಟ್ಸ್ ಹೊಟ್ಟಿನಿಂದ ಶುರು ಮಾಡಿದ ಆ ಉದ್ಯಮ ಇಂದು ಬಹುಮಟ್ಟಿಗೆ ಚೀನಾದ ಮೆಕ್ಕೆಜೋಳದ ದಿಂಡಿನ ಮೇಲೆ ನಿಂತಿದೆ. ನಾರ್ವೆಯ ಬೊರೆಗಾರ್ಡ್ ಕಾರ್ಖಾನೆ 1962ರಿಂದ ಸ್ಪ್ರೂಸ್ ಮರದ ಲಿಗ್ನಿನ್ನಿನಿಂದ ವ್ಯಾನಿಲಿನ್ ಮಾಡುತ್ತಲೇ ಇದೆ.

8. ಕುಸನೂರನ್ನು ನೆನಪಿಡಿ

ತ್ಯಾಜ್ಯಕ್ಕೆಂದು ಕಟ್ಟಿದ ಕಾರ್ಖಾನೆ ತ್ಯಾಜ್ಯ ಸಾಲದಾದಾಗ ಏನು ಮಾಡುತ್ತದೆ? ಉತ್ತರ ನಮ್ಮ ಪಕ್ಕದಲ್ಲೇ ಇದೆ. 1984ರಲ್ಲಿ ಕುಮಾರಪಟ್ಟಣದ ಆ ರೇಯಾನ್ ತಿರುಳಿನ ಕಾರ್ಖಾನೆಗೆ ಮರ ಒದಗಿಸಲು ಸರ್ಕಾರದ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಹುಟ್ಟಿತು. ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ವರ್ಗದ ಭೂಮಿಯಲ್ಲಿ ನೀಲಗಿರಿ ಬೆಳೆಸುವ ಯೋಜನೆ. ಆ ಜಮೀನು ಹಳ್ಳಿಯ ದನಕರುಗಳ ಹುಲ್ಲು, ಬಡವರ ಸೌದೆ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆದು ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮುಂದಾಳು. 1991ರಲ್ಲಿ ಸರ್ಕಾರ ಆ ಕಂಪನಿಯನ್ನು ಮುಚ್ಚುವ ತೀರ್ಮಾನಕ್ಕೆ ಬಂತು. ಅದೇ ಕಾಲದಲ್ಲಿ ತುಂಗಭದ್ರೆಯ ಮೀನು ಸಾಯುತ್ತಿವೆ, ನೀರು ಕೆಡುತ್ತಿದೆ ಎಂದು ರಾಣೆಬೆನ್ನೂರು ಕಡೆ ತುಂಗಭದ್ರಾ ಪರಿಸರ ಸಮಿತಿ ಹೋರಾಡಿತು.

ಈ ಕಾರಣಕ್ಕೆ ನಾನು ಘಟಕದ ಗಾತ್ರವನ್ನು ಯಂತ್ರ ಮಾರುವವನ ಪಟ್ಟಿ ನೋಡಿ ನಿರ್ಧರಿಸುವುದಿಲ್ಲ. ಸುತ್ತಲಿನ ಹೊಟ್ಟು, ಸಿಪ್ಪೆ, ದಿಂಡಿನಲ್ಲಿ ಇಂದಿನ ಗಿರಾಕಿಗಳು ಬಿಟ್ಟು ಉಳಿಸುವುದೆಷ್ಟೋ ಅದಕ್ಕಿಂತ ಚಿಕ್ಕದಾಗಿ ಕಟ್ಟಿಸುತ್ತೇನೆ. ಕೊಳವೆಯ ತುದಿಯಲ್ಲಿ ಹೊರಬರುವ ನೀರಿಗೆ ಕಂದು ಬಣ್ಣವಿದ್ದರೆ ಅದು ಕರಗಿದ ಲಿಗ್ನಿನ್, ಸೂಕ್ಷ್ಮಜೀವಿಗಳು ಬೇಗ ತಿನ್ನಲಾರದ್ದು. ಗೋವಿನಕೋವಿಯ ಕೆಳಗೆ ಹೊನ್ನಾಳಿ ಇದೇ ನೀರು ಕುಡಿಯುತ್ತದೆ.

9. ಕಪ್ಪು ಮಾಲಿಗೆ ಕಪ್ಪನ್ನು ಸಹಿಸುವ ಗಿರಾಕಿ

ನಮ್ಮ ಪ್ರಮಾಣದಲ್ಲಿ ಸಿಗುವ ಲಿಗ್ನಿನ್ ಕಂದು, ಅದಕ್ಕೆ ವಾಸನೆಯಿದೆ, ಪಾಳಿಯಿಂದ ಪಾಳಿಗೆ ಗುಣ ಸ್ವಲ್ಪ ಬದಲಾಗುತ್ತದೆ. ಇದರಿಂದ ವ್ಯಾನಿಲಿನ್ ಶುದ್ಧ ಮಾಡಿ ಐಸ್‌ಕ್ರೀಮಿನವರಿಗೆ ಮಾರುತ್ತೇವೆ ಎಂದು ಹೊರಟವರು ಶುದ್ಧೀಕರಣದಲ್ಲೇ ಸೋಲುತ್ತಾರೆ. ಪ್ಲೈವುಡ್ ಅಂಟು ಬೇರೆ. ಫೀನಾಲ್-ಫಾರ್ಮಾಲ್ಡಿಹೈಡ್ ಅಂಟು ತಾನೇ ಕೆಂಗಪ್ಪು, ಅದರಲ್ಲಿ ಫೀನಾಲಿನ ಒಂದು ಪಾಲಿಗೆ ಲಿಗ್ನಿನ್ ಕೂರುತ್ತದೆ, ಚೊಗರಿನ ಟ್ಯಾನಿನ್ ಕೂಡ ಫಾರ್ಮಾಲ್ಡಿಹೈಡ್ ಜೊತೆ ಬೇಗ ಬೆಸೆಯುತ್ತದೆ. ಬೆಂಗಳೂರಿನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ, ಪ್ಲೈವುಡ್ ಸಂಶೋಧನೆಗೆ ಇಪಿರ್ಟಿ ಎಂಬ ಸಂಸ್ಥೆಯ ದೀರ್ಘ ಪರಂಪರೆಯಿದೆ, ಅಂಟಿನ ಪರೀಕ್ಷೆಗೆ ಹೊರದೇಶಕ್ಕೆ ಹೋಗಬೇಕಿಲ್ಲ.

ಮೊದಲು ಶೇ 10 ಫೀನಾಲಿನ ಜಾಗದಲ್ಲಿ ಲಿಗ್ನಿನ್ ಹಾಕಿ, ಬಳಿಕ 20, ಆಮೇಲೆ 30. ಪ್ರತಿ ಹಂತದಲ್ಲೂ ಬಿಸಿ ಪ್ರೆಸ್ಸಿನ ಸಮಯ ಎಷ್ಟು ಹೆಚ್ಚಾಯಿತು ಎಂದು ಬರೆದಿಡಿ, ಏಕೆಂದರೆ ಲಿಗ್ನಿನ್ ಫೀನಾಲಿಗಿಂತ ನಿಧಾನಿ, ಕಾರ್ಖಾನೆಯವನು ಕೇಳುವ ಮೊದಲ ಪ್ರಶ್ನೆ ಅದೇ. ಹಲಗೆ ತಯಾರಾದ ಮೇಲೆ ಐಎಸ್ 710 ಮಾನದಂಡದಂತೆ 72 ಗಂಟೆ ಕುದಿಸಿ. ಪದರ ಬಿಡದಿದ್ದರೆ ಆಗ ಬೆಲೆಯ ಮಾತಿಗೆ ಕೂರಬಹುದು.